ಶಂಕರೆಪ್ಪನ ಗುಟ್ಟಿನ ಪ್ರವಾಸ

ಶಂಕರೆಪ್ಪ ನೀರಿನ ಬಾಟಲಿಯನ್ನು ಮತ್ತೊಮ್ಮೆ ಬೇಕೆಂದೇ ಕೈಬಿಟ್ಟ. ಅದು ಚಿಕ್ಕಪಡಸಲಗಿ ಬ್ಯಾರೇಜಿನ ಮೇಲೆ ಉರುಳುತ್ತ ಹೋಯಿತು. ಗೈಡ್ ಗೌರೀಶ ಓಡಿಹೋಗಿ ಹಿಡಿದ, ಒರೆಸಿದ, ತಂದುಕೊಟ್ಟ.

"ತಗೋರಿ ಕಾಕಾರ. ಬೇಕಾದ್ರ ನಾನs ಹಿಡ್ಕೊಂತೇನಿ, ನೀವು ಆರಾಮ ನಡೀರಿ."

ಸಿಟ್ಟಿಲ್ಲ. ಹುಬ್ಬು ಸಹ ಗಂಟಾಗಲಿಲ್ಲ. ಶಂಕರೆಪ್ಪ ಮನಸ್ಸಿನಲ್ಲೇ ಹುಡುಗನನ್ನು ಪಾಸು ಮಾಡಿದ.

ಕೆಳಗೆ ಕೃಷ್ಣೆ ತುಂಬಿ ನಿಂತಿದ್ದಳು. ರೈತರೇ ಸೇರಿ ಇದನ್ನು ಹೇಗೆ ಕಟ್ಟಿದರೆಂದು ಗೌರೀಶ ಕೈ ಆಡಿಸಿ ಹೇಳುತ್ತಿದ್ದ. ಶಂಕರೆಪ್ಪ ಹೊಳೆಯ ಕಡೆ ಕತ್ತು ತಿರುಗಿಸಲಿಲ್ಲ. ಹೊಳೆ ಎಲ್ಲಿ ಹೋಗುತ್ತದೆ, ನಾಳೆಯೂ ಇರುತ್ತದೆ. ಅವನು ಬಂದದ್ದು ಅಳಿಯನಾಗುವವನನ್ನು ನೋಡಲು.

ಉಪಾಯ ಮಧ್ಯಸ್ಥ ಭೀಮಶಿಯದು. ಜಮಖಂಡಿ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು ಗಂಡು ಹೆಣ್ಣು ಜೋಡಿಸುವವನು. ಈ ಕಡೆ ಹೆಣ್ಣಿನವರು ಮಾತುಕತೆಗೆ ಮುಂಚೆ ಹುಡುಗನ ಊರಿಗೆ ಗುಟ್ಟಾಗಿ ಹೋಗಿ, ಕಿರಾಣಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಅವನ ಚರಿತ್ರೆ ವಿಚಾರಿಸಿ ಬರುವುದು ರೂಢಿ. ಭೀಮಶಿ ಅದು ಬೇಡವೆಂದ.

"ಊರಾಗ ಕೇಳಾಕ ಹೋಗಬ್ಯಾಡ್ರಿ. ಹುಡುಗ ಸರಕಾರಿ ನೌಕರ. ಸುದ್ದಿ ಹಬ್ಬಿದ್ರ ಕನ್ಯಾದವ್ರು ಸಾಲಗಟ್ಟತಾರ. ಐತವಾರ ಬಂತಂದ್ರ ಮಂದೀನ ಟೆಂಪೊದಾಗ ಹಾಕ್ಕೊಂಡು ನಮ್ಮ ಸೀಮಿ ತೋರಸ್ತಾನ, ಅವಂಗ ಅದೊಂದು ಹುಚ್ಚು. ನೀವು ಪ್ರವಾಸಿ ಆಗಿ ಹತ್ರಿ. ಸೀಟ್ ನಾ ಹಿಡಸ್ತೇನಿ, ರೊಕ್ಕ ನನ್ನ ಕೈಯಾಗ ಕೊಡ್ರಿ. ಯಾರು ಅಂತ ಮಾತ್ರ ಬಾಯಿ ಬಿಡಬ್ಯಾಡ್ರಿ."

ಟೆಂಪೊದಲ್ಲಿದ್ದ ಉಳಿದ ಪ್ರವಾಸಿಗರನ್ನು ಕಂಡು ಶಂಕರೆಪ್ಪನಿಗೆ ಕನಿಕರ. ಎಲ್ಲರೂ ತಲೆ ನರೆತ ಗಂಡಸರು. ಇಸ್ತ್ರಿಯ ಬಿಳಿ ಅಂಗಿ. ಒಬ್ಬನೂ ಹೆಂಡತಿ ಮಕ್ಕಳನ್ನು ಕರೆತಂದಿರಲಿಲ್ಲ. ಮನೆಯಲ್ಲಿ ಬೈಸಿಕೊಂಡು ಹೊರಬಿದ್ದವರಿರಬೇಕು. ಫೋಟೊ ತೆಗೆಯಲಿಕ್ಕೂ ಬಾರದು. ಇಂಥ ಹೊಳೆ ಎದುರಿಗಿದ್ದರೂ ಗೈಡನ ಮುಖದ ಫೋಟೊವನ್ನೇ ಹೊಡೆದುಕೊಳ್ಳುತ್ತಿದ್ದರು.

ತಿಮ್ಮಾಪುರದ ನಾಯಿ ಸಾಕುವ ಕೇಂದ್ರದಲ್ಲಿ ಗೌರೀಶ ಮುಧೋಳ ನಾಯಿಯ ಸಪೂರ ಸೊಂಟ, ಉದ್ದ ಕಾಲು ತೋರಿಸಿದ.

"ಮರಿ ತಗೊಳ್ಳೂಮುಂದ ತಾಯಿ ತಂದಿ ನೋಡಬೇಕ್ರಿ. ಬರೇ ಬಣ್ಣಕ್ಕ ಮರುಳಾಗಬಾರದು."

ಬಿಳಿ ಅಂಗಿಗಳೆಲ್ಲ ಒಮ್ಮೆಲೇ ತಲೆಯಾಡಿಸಿದವು. ಮಾಳಿಂಗರಾಯ ಎಂಬ ಬೆಲ್ಲದ ವ್ಯಾಪಾರಿ ಮುಂದೆ ಸರಿದು ಬಂದ.

"ವಯಸ್ಸೆಷ್ಟು?"

"ಈ ನಾಯಿದೇನ್ರಿ?"

"ಹಾಂ... ನಾಯಿದು." ಅವನ ಕಣ್ಣು ಗೌರೀಶನ ಬಾಯಿಯ ಮೇಲೆಯೇ ಇತ್ತು. "ಹಲ್ಲು ಗಟ್ಟಿ ಅದಾವಲ್ಲ?"

ದೇಶ ನೋಡಲು ಎಂಥೆಂಥ ಗಾಂಪರು ಬರುತ್ತಾರಪ್ಪಾ ಎಂದುಕೊಂಡ ಶಂಕರೆಪ್ಪ.

ಊಟಕ್ಕೆ ಧಾಬಾದಲ್ಲಿ ಇಳಿದಾಗ ಅವನು ಕೊನೆಯ ಪರೀಕ್ಷೆ ಒಡ್ಡಿದ. ಗೌರೀಶನ ಕಿವಿಗೆ ಬಾಗಿ, ಹೆಬ್ಬೆರಳನ್ನು ತುಟಿಗೆ ಹಚ್ಚಿ ಕೇಳಿದ. "ತಮ್ಮಾ, ಇಲ್ಲಿ ಏನರ ಸಿಗತೈತೇನು? ಇಬ್ಬರೂ ಕೂಡಿ ತಗೊಳ್ಳೂನು."

"ಮಜ್ಜಿಗಿ ಸಿಗತೈತ್ರಿ ಕಾಕಾರ. ಛಲೋ ಇರತೈತಿ."

ಹಿಂದಿನ ಮೇಜಿನಿಂದ ನೆಮ್ಮದಿಯ ನಿಟ್ಟುಸಿರು ಕೇಳಿಸಿತು. ತನ್ನದೇ ಇರಬೇಕೆಂದುಕೊಂಡ.

ಅಷ್ಟರಲ್ಲಿ ಹೆಂಡತಿ ಇಂದ್ರವ್ವನ ಫೋನು.

"ಬೀಳಗಿಯ ಗಂಡಿನವ್ರು ಮತ್ತ ಕೇಳಾಕತ್ತಾರ್ರಿ. ಇವತ್ತ ಹೂಂ ಅನ್ರಿ, ಇಲ್ಲಾ ಉಹುಂ ಅನ್ರಿ ಅಂತಾರ. ಅಕ್ಷತಾಗ ಆ ಕಲ್ಮೇಶ ಮನಸ್ಸಿಗೆ ಬಂದಾನ."

"ದಾಳಿಂಬಿ ಬೆಳ್ಯಾಂವಗ ಮಗಳನ್ನ ಕೊಡೂದಂದ್ರ? ಪಗಾರ ಇಲ್ಲ, ಪಿಂಚಣಿ ಇಲ್ಲ."

"ಮಂದಿ ಛಲೋ ಅದಾರ್ರಿ. ಹುಡುಗಿ ಒಂದs ಸಮ ಅಳಾಕತ್ತಾಳ."

"ನನ್ನ ಕಣ್ಣಮುಂದ ಬಂಗಾರ ಕುಂತೈತಿ, ಮಜ್ಜಿಗಿ ಕುಡ್ಯಾಕತ್ತೈತಿ. ಒಲ್ಲೆ ಅಂತ ಹೇಳಿಬಿಡು ಅವರಿಗೆ."

ಮಹಾಲಿಂಗಪುರ ದಾಟುವಾಗ ಇಂದ್ರವ್ವ ಮತ್ತೆ ಫೋನು ಮಾಡಿದಳು. ದನಿ ಸಣ್ಣದಾಗಿತ್ತು.

"ಹೇಳೀನ್ರಿ. ಅವರು ಅಲ್ಲೇ ನಿಂತ ನಿಲುವಿನ್ಯಾಗ ಮುಧೋಳದ ಕನ್ಯಾಕ್ಕ ಮಾತು ಕೊಟ್ರಂತ. ನಿಮ್ಮ ಬಂಗಾರ ಖರೇ ಬಂಗಾರ ಇರಲಿ."

"ನಾ ಏನ್ ಕಣ್ಣು ಮುಚ್ಚಿ ಕುಂತೇನೇನು?"

ರಬಕವಿ-ಬನಹಟ್ಟಿಯಲ್ಲಿ ಮಗ್ಗ ತೋರಿಸಿ, ಸೀರೆ ತೋರಿಸಿ, ಗೌರೀಶ ಎಲ್ಲರಿಗೂ ಕೈಮುಗಿದ. ಅವನ ಊರು ಅದೇ, ಕೆಲಸ ಅಲ್ಲಿಗೆ ಮುಗಿಯಿತು. ಚಹಾ ಕುಡಿದು ಬಂದರೆ ಡ್ರೈವರು ಎಲ್ಲರನ್ನೂ ವಾಪಸು ಬಿಡುವನು. ಶಂಕರೆಪ್ಪ ಚಹಾಕ್ಕೆ ಹೋಗಲಿಲ್ಲ. ಹುಡುಗನನ್ನು ನೋಡಿದ್ದಾಯಿತು, ಮನೆ ನೋಡದೆ ಮಾತು ಮುಗಿಸಿದರೆ ಹೇಗೆ? ಅವನು ಗೌರೀಶನ ಬೆನ್ನು ಹತ್ತಿದ.

ಓಣಿಯಲ್ಲಿ ವಿದ್ಯುತ್ ಮಗ್ಗಗಳ ಖಟಖಟ. ಹೆಜ್ಜೆ ಸಪ್ಪಳದ ಭಯವಿರಲಿಲ್ಲ. ಗೌರೀಶ ಒಂದು ನೀಲಿ ಬಾಗಿಲ ಮುಂದೆ ನಿಂತ. ಶಂಕರೆಪ್ಪ ಬೇವಿನ ಮರದ ಹಿಂದೆ ಸರಿದ. ಅಲ್ಲಿ ಜಾಗವಿರಲಿಲ್ಲ. ಮಾಳಿಂಗರಾಯ ಮೊದಲೇ ನಿಂತಿದ್ದ.

ಕರೆಂಟಿನ ಕಂಬದ ಹಿಂದೆ ಒಂದು ಬಿಳಿ ಅಂಗಿ. ನೀರಿನ ಟಾಕಿಯ ಹಿಂದೆ ಇನ್ನೊಂದು. ಎದುರು ಕಟ್ಟೆಯ ಮೇಲೆ ಉಳಿದವರು ಒಂದೇ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು.

"ನಿಮಗೂ ಕನ್ಯಾ ಐತೇನ್ರಿ?" ಮಾಳಿಂಗರಾಯ ಪಿಸುಗುಟ್ಟಿದ.

"ಐತಿ. ನಿಮಗ?"

"ಎರಡ ಅದಾವು."

"ಭೀಮಶಿ ಕಳಿಸಿದ್ನೇನು?"

ಮಾಳಿಂಗರಾಯ ತಲೆ ತಗ್ಗಿಸಿದ. ಬಾಗಿಲು ತೆರೆಯಿತು. ಸೊಂಟದ ಮೇಲೆ ಕೂಸು ಹೊತ್ತ ಹೆಣ್ಣುಮಗಳೊಬ್ಬಳು ಹೊರಬಂದಳು. ಕೂಸು ಗೌರೀಶನತ್ತ ಜಿಗಿಯಿತು. ತಂಗಿ ಇರಬೇಕು, ತಂಗಿಯೇ ಇರಬೇಕು ಎಂದು ಶಂಕರೆಪ್ಪ ಬೇವಿನ ತೊಗಟೆಯನ್ನು ಹಿಡಿದುಕೊಂಡ.

ಅವಳು ಮರ, ಕಂಬ, ಟಾಕಿ, ಕಟ್ಟೆ ಎಲ್ಲದರ ಮೇಲೂ ಒಮ್ಮೆ ಕಣ್ಣಾಡಿಸಿ ಒಳಗೆ ಕೂಗಿದಳು.

"ಯಪ್ಪಾ, ಬಾ ಇಲ್ಲಿ. ನಿನ್ನ ಅಳಿಯಾನ್ನ ನೋಡಾಕ ಬರೂ ಮಂದಿ ಇವತ್ತ ಮನೀ ತನಕ ಬಂದು ನಿಂತಾರ. ಇನ್ನ ಆ ಟೆಂಪೊ ಹೆಂಗ ತುಂಬಿಸ್ತಿಯೋ ತುಂಬ್ಸು."

ನೀರಿನ ತಂಬಿಗೆ ಹಿಡಿದು ಹೊರಗೆ ಬಂದವನು ಭೀಮಶಿ.