ಗುರುವಾರದ ಒಂದು ಗಂಟೆ

ಹಯಗ್ರೀವ ಲ್ಯಾಚಿಗೆ ಕೀಲಿ ಹಾಕಿ ಬಾಗಿಲು ತೆರೆದಾಗ ಹೆಂಡತಿ ಶ್ರೀಮತಿ ಮೈಮೇಲೆ ಒಂದು ನೂಲೂ ಇಲ್ಲದೆ, ಗೋಡೆಗೊರಗಿ, ತಂಪು ನೆಲದ ಮೇಲೆ ಕಾಲು ಚಾಚಿ ಕುಳಿತು ವಾರಪತ್ರಿಕೆ ಓದುತ್ತಿದ್ದಳು. ಪರದೆ ಎಳೆದಿತ್ತು, ಫ್ಯಾನು ತಿರುಗುತ್ತಿತ್ತು. ಠಾಣೆ ಊರಿನಲ್ಲಿದ್ದ ಅವನ ಆಫೀಸಿನಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂದು ಅರ್ಧ ದಿನಕ್ಕೇ ಬಿಟ್ಟಿದ್ದರು. ಇಲ್ಲದಿದ್ದರೆ ಮಧ್ಯಾಹ್ನ ಎರಡಕ್ಕೆ ಮನೆಗೆ ಬರುವ ಪುಣ್ಯ ಅವನಿಗೆಲ್ಲಿಯದು?

"ಎಂತದಿದು ವೇಷ?" ಹಯಗ್ರೀವ ಬೆನ್ನ ಹಿಂದೆ ಬಾಗಿಲು ಮುಚ್ಚುತ್ತ ಕೇಳಿದ.

"ವೇಷ ಎಲ್ಲ ತೆಗೆದಿಟ್ಟದ್ದು ಮಾರಾಯ್ರೆ," ಎಂದು ಅವಳು ನಾಚಿಕೊಂಡೇ ನಕ್ಕಳು. "ಗುರುವಾರ ಅತ್ತೆ ಭಜನೆಗೆ ಹೋಗ್ತಾರಲ್ಲ, ಆಗ ಒಂದು ಗಂಟೆ ಹೀಗೆ ಕೂತ್ಕೊಳ್ತೇನೆ. ಮೈಗೆ ಗಾಳಿ ತಾಗ್ತದೆ. ಯಾರ ಸೊಸೆಯೂ ಅಲ್ಲ, ಯಾರ ಅಮ್ಮನೂ ಅಲ್ಲ ಅಂತ ಆಗ್ತದೆ."

ಡೊಂಬಿವಲಿಯ ಆ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಅತ್ತೆ, ಮೈದುನ, ಇಬ್ಬರು ಮಕ್ಕಳು, ಇವರಿಬ್ಬರು. ಸೀರೆ ಬದಲಿಸಲೂ ಬಚ್ಚಲಿಗೇ ಹೋಗಬೇಕು, ಅಲ್ಲೂ ಯಾರಾದರೊಬ್ಬರು ಹೊರಗಿನಿಂದ ಬಾಗಿಲು ಬಡಿಯುತ್ತಲೇ ಇರುತ್ತಾರೆ. ಇದೆಲ್ಲ ಹಯಗ್ರೀವನಿಗೆ ಗೊತ್ತಿಲ್ಲದ್ದಲ್ಲ. ಹೆಂಡತಿಯ ಮುಖದ ಮೇಲೆ ಅಷ್ಟು ನಿರಾಳವನ್ನು ಹನ್ನೆರಡು ವರ್ಷಗಳಲ್ಲಿ ಅವನು ಕಂಡದ್ದೂ ಅದೇ ಮೊದಲು. ಆದರೆ ಅವನ ಬಾಯಿಂದ ಬಂದ ಮಾತೇ ಬೇರೆ.

"ಯಾರು ಬಂದಿದ್ರು?"

ಅವಳ ನಗು ಅಲ್ಲಿಗೇ ನಿಂತಿತು. ಅವನಾದರೂ ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಬಚ್ಚಲಿನ ಬಾಗಿಲು ತಳ್ಳಿ ನೋಡಿದ. ಮಂಚದ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಉಪ್ಪಿನಕಾಯಿಯ ಭರಣಿ, ಮಕ್ಕಳ ಹಳೆಯ ಪುಸ್ತಕ. ಹೊರಗಿನವನೊಬ್ಬ ಅಡಗಿಕೊಳ್ಳಲು ಆ ಮನೆಯಲ್ಲಿ ಜಾಗವಾದರೂ ಎಲ್ಲಿತ್ತು, ಇದ್ದವರಿಗೇ ಇರಲಿಲ್ಲ. ಎದ್ದು ನಿಂತು ತಿರುಗಿದಾಗ ಶ್ರೀಮತಿ ಸೀರೆಯುಟ್ಟು, ಸೆರಗಿಗೆ ಪಿನ್ನು ಚುಚ್ಚುತ್ತಿದ್ದಳು. "ನೋಡಿ ಆಯ್ತಾ?" ಎಂದಷ್ಟೇ ಕೇಳಿದಳು.

ಮರುವಾರದಿಂದ ಅವಳೂ ಅತ್ತೆಯ ಜೊತೆ ಭಜನೆಗೆ ಹೊರಟಳು. ಸೊಸೆಗೆ ಭಕ್ತಿ ಬಂತೆಂದು ಅತ್ತೆ ಹಿಗ್ಗಿದರು. ಕಾರಣ ಹಯಗ್ರೀವನಿಗೆ ಮಾತ್ರ ಗೊತ್ತಿತ್ತು. ಏನೋ ಒಂದು ಕೆಟ್ಟ ಗಳಿಗೆ, ತಪ್ಪಾಯಿತು ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದ. ಪಕ್ಕದಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಿದ್ದರು. ಕೊನೆಗೆ ಮೇ ತಿಂಗಳ ಒಂದು ಭಾನುವಾರ ಮನೆಮಂದಿಯನ್ನೆಲ್ಲ ಟಿಟ್ವಾಳಾದ ಗಣಪತಿ ಗುಡಿಗೆ ಹೊರಡಿಸಿದ.

"ನೀನು ಮನೆಯಲ್ಲೇ ಇರು," ಎಂದ ಹೆಂಡತಿಗೆ, ಚಪ್ಪಲಿ ಮೆಟ್ಟುತ್ತ, ತಗ್ಗಿದ ದನಿಯಲ್ಲಿ. "ಐದು ಗಂಟೆಯವರೆಗೆ ನಾವು ಬರೂದಿಲ್ಲ. ನನ್ನ ಕೀಲಿಯೂ ಇಲ್ಲೇ ಉಂಟು, ನೋಡು."

"ಆಯ್ತು," ಎಂದಳು ಶ್ರೀಮತಿ.

ದಾರಿಯುದ್ದಕ್ಕೂ ಅವನಿಗೆ ಹಗುರವೆನಿಸುತ್ತಿತ್ತು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಮೈಯೆಲ್ಲ ಬೆವರಾದರೂ, ಅಲ್ಲಿ ಅವಳು ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತಿರಬಹುದು ಎಂದು ನೆನೆದು ಒಳಗೊಳಗೇ ನಕ್ಕ. ಗಣಪತಿಯ ಮುಂದೆ ಬೇಡಿಕೊಂಡದ್ದೂ ಅದನ್ನೇ. ತಾಯಿ ಬೇಗ ಹೊರಡೋಣವೆಂದರೂ ಕೇಳದೆ, ಎಲ್ಲರನ್ನೂ ಐದರವರೆಗೆ ಹೊರಗೇ ಸುತ್ತಾಡಿಸಿದ.

ಮೂರನೆಯ ಮಹಡಿಗೆ ಬಂದಾಗ ಮನೆಯ ಬಾಗಿಲು ಹಾರುಹೊಡೆದಿತ್ತು. ಶ್ರೀಮತಿ ಹೊಸ್ತಿಲ ಬಳಿಯೇ ಸ್ಟೂಲು ಹಾಕಿಕೊಂಡು, ಪಿನ್ನು ಹಾಕಿದ ಸೀರೆಯಲ್ಲಿ ಬೆವತು ತೊಪ್ಪೆಯಾಗಿ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಬಾಗಿಲು ಯಾಕೆ ತೆರೆದಿಟ್ಟದ್ದು?" ಹಯಗ್ರೀವ ಕೇಳಿದ.

"ನೀವು ಹೋದಾಗಿನಿಂದ ತೆರೆದೇ ಉಂಟು," ಎಂದಳು ಅವಳು, ತಲೆಯೆತ್ತದೆ. "ಯಾರೂ ಬರ್ಲಿಲ್ಲ. ಬೇಕಾದ್ರೆ ಎದುರು ಮನೆಯವರನ್ನು ಕೇಳಿ."