ವಿಷಯ: ದೀಪ ಆರಿಸುವ ಬಗ್ಗೆ

"ಏನ್ರೀ ಇದು, ಆರ್ಕೆಸ್ಟ್ರಾನಾ?"

ತೀರಿಹೋದ ಅಣ್ಣನ ಹೆಸರು ಬರೆಸಲು ಬಂದಿದ್ದವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟ. ಮರಣ ನೋಂದಣಿಯ ಗುಮಾಸ್ತರ ಮೇಜಿನ ಮೇಲಿದ್ದ ಹೊಸ ಕಂಪ್ಯೂಟರಿನ ಗಾಜಿನ ಪೆಟ್ಟಿಗೆಯೊಳಗೆ ಕೆಂಪು, ಹಸಿರು, ನೇರಳೆ ದೀಪಗಳು ಒಂದರ ಹಿಂದೊಂದು ಓಡುತ್ತ, ಎದುರಿಗಿದ್ದವನ ಮುಖಕ್ಕೆಲ್ಲ ಬಣ್ಣ ಎರಚುತ್ತಿದ್ದವು. "ನಮ್ಮಣ್ಣ ಹೋಗಿ ಮೂರು ದಿನ ಆಗಿಲ್ಲ, ನೀವಿಲ್ಲಿ ಡಿಸ್ಕೋ ಹಾಕ್ಕೊಂಡು ಕೂತಿದೀರಿ!" ಎಂದವನು ನೆಟ್ಟಗೆ ಮೇಲಧಿಕಾರಿಯ ಕೋಣೆಗೆ ನಡೆದ. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತರ ಕೈಗೆ ನೋಟೀಸು ಬಂತು. ವಾರದೊಳಗೆ ದೀಪ ನಿಲ್ಲಬೇಕು, ಇಲ್ಲವೇ ಲಿಖಿತ ಕಾರಣ ಕೊಡಬೇಕು. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವರಿಗೆ ಬಂದ ಮೊದಲ ನೋಟೀಸು ಅದು.

ಆ ಕಂಪ್ಯೂಟರನ್ನು ಅವರೇನು ಆಸೆಪಟ್ಟು ತರಿಸಿಕೊಂಡದ್ದಲ್ಲ. ಹಳೆಯದು ಕೈಕೊಟ್ಟಾಗ ಉಗ್ರಾಣದಲ್ಲಿ ಉಳಿದಿದ್ದದ್ದು ಇದೊಂದೇ, ಆಟ ಆಡುವವರಿಗೆಂದು ಮಾಡಿದ್ದು. ಬಟ್ಟೆ ಹೊದಿಸಿ ನೋಡಿದರು. ಬಿಸಿಯೇರಿ, ಯಾರದೋ ತಂದೆಯ ಪ್ರಮಾಣಪತ್ರ ಅರ್ಧ ಅಚ್ಚಾಗಿರುವಾಗಲೇ ನಿಂತುಹೋಯಿತು. ಗಾಜನ್ನು ಗೋಡೆಯ ಕಡೆ ತಿರುಗಿಸಿದರು, ಗೋಡೆಯೇ ಕುಣಿಯತೊಡಗಿತು. ನೋಟೀಸು ಬಂದ ಮೇಲೆ ಕಂಪ್ಯೂಟರ್ ವಿಭಾಗದಾಕೆಯನ್ನು ಕರೆದರು.

"ಆ ದೀಪದ ವೈರು ಕಿತ್ತುಹಾಕಮ್ಮ, ಪೀಡೆ ತೊಲಗಲಿ."

"ಕಿತ್ತರೆ ಫ್ಯಾನೂ ನಿಲ್ಲತ್ತೆ ಸಾರ್, ಎರಡೂ ಒಂದೇ ವೈರು. ಆಫ್ ಮಾಡಕ್ಕೆ ಕಂಪನಿಯವರದ್ದೇ ಸಾಫ್ಟ್‌ವೇರ್ ಬೇಕು. ಅದು ವಿಂಡೋಸಲ್ಲಿ ಮಾತ್ರ ಓಡೋದು. ನಮ್ಮ ಕಚೇರೀಲಿರೋದು ಲಿನಕ್ಸ್."

"ಲಿನಕ್ಸಿಗೂ ಮಾಡಿಕೊಡಿ ಅಂತ ಅವರನ್ನೇ ಕೇಳೋಣ."

"ಕೇಳ್ದೆ ಬಿಟ್ಟಿದಾರಾ? ಇಲ್ನೋಡಿ," ಎಂದು ಆಕೆ ಕಂಪನಿಯ ಪುಟ ತೆರೆದಳು.

ಆರು ವರ್ಷದಿಂದ ಜನ ಅಲ್ಲಿ ಅದನ್ನೇ ಕೇಳುತ್ತಿದ್ದರು. ನಾಲ್ಕು ಸಾವಿರಕ್ಕೂ ಮೇಲೆ ಕೋರಿಕೆಗಳು. ಬೇಡಿದವರಿದ್ದರು, ಬೈದವರಿದ್ದರು, ಇನ್ನು ನಿಮ್ಮ ಸಹವಾಸವೇ ಬೇಡ ಎಂದು ಕೈಮುಗಿದು ಹೋಗಿ ಮರುವರ್ಷ ಮತ್ತೆ ಬಂದವರೂ ಇದ್ದರು. ಕಂಪನಿಯದು ಮಾತ್ರ ಪ್ರತಿವರ್ಷವೂ ಒಂದೇ ಉತ್ತರ: "ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ." ಗುಮಾಸ್ತರು ಆ ವಾಕ್ಯವನ್ನು ಎರಡು ಸಲ ಓದಿದರು. ಅದನ್ನು ತಮ್ಮ ಕೈಯಾರೆ ಎಷ್ಟು ಜನಕ್ಕೆ ಬರೆದಿದ್ದರೋ ಲೆಕ್ಕವಿರಲಿಲ್ಲ. ಅದರ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಬರೆದರು, ತಮಗೆ ಗೊತ್ತಿದ್ದ ರೀತಿಯಲ್ಲೇ. "ಮಾನ್ಯರೇ, ವಿಷಯ: ದೀಪ ಆರಿಸುವ ಬಗ್ಗೆ. ನಾನು ಸತ್ತವರ ಹೆಸರು ದಾಖಲು ಮಾಡುವವನು. ಅವರ ಮನೆಯವರು ಈ ಪೆಟ್ಟಿಗೆಯ ಎದುರು ಕೂತು ಹೆಸರು ಹೇಳಬೇಕಾಗಿದೆ. ಈ ಪುಟದಲ್ಲಿ ನನಗಿಂತ ಮೊದಲು ಬರೆದವರೆಲ್ಲ ತಮ್ಮಿಷ್ಟದ ಬಣ್ಣ ಕೇಳಿದ್ದಾರೆ. ನನಗೆ ಯಾವ ಬಣ್ಣವೂ ಬೇಡ. ದಯಮಾಡಿ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಮರುದಿನಕ್ಕೆ ಮುನ್ನೂರು ಜನ ಅದಕ್ಕೆ ನಗುವ ಮುಖ ಅಂಟಿಸಿದ್ದರು. ವರ್ಷದ ಜೋಕು ಎಂದು ಒಬ್ಬ ಬೆನ್ನು ತಟ್ಟಿದ್ದ. ಕಂಪನಿ ಧನ್ಯವಾದ ಹೇಳಿ, ನೀವು ಯಾವ ಆಟ ಆಡುತ್ತೀರಿ ಎಂದು ವಿಚಾರಿಸಿತ್ತು. ಗುಮಾಸ್ತರು "ಆಡುವುದಿಲ್ಲ" ಎಂದು ಉತ್ತರಿಸಿ, ಲಿಖಿತ ಕಾರಣದ ಕರಡು ಬರೆಯಲು ಕೂತರು.

ಆರನೆಯ ದಿನ ಗುರುತಿಲ್ಲದವನೊಬ್ಬ ಅವರ ಅರ್ಜಿಯ ಕೆಳಗೆ ಬರೆದ: "ಯಜಮಾನ್ರೇ, ನಾನೇ ಲಿನಕ್ಸಿಗೆ ಒಂದು ಸಾಫ್ಟ್‌ವೇರ್ ಬರೀತಾ ಇದ್ದೆ, ಅರ್ಧಕ್ಕೆ ನಿಂತಿದೆ. ಬಣ್ಣ ಬದಲಾಯಿಸಕ್ಕೆ ಬರಲ್ಲ. ಆರಿಸಕ್ಕೆ ಮಾತ್ರ ಬರತ್ತೆ. ಅದು ಯಾರಿಗೂ ಬೇಕಾಗಲ್ಲ ಅಂತ ಹಾಗೇ ಇಟ್ಕೊಂಡಿದ್ದೆ. ತಗೊಳ್ಳಿ."

ಕಂಪ್ಯೂಟರ್ ವಿಭಾಗದಾಕೆ ಬಂದು ಅವನು ಕೊಟ್ಟ ಸಾಫ್ಟ್‌ವೇರನ್ನು ಒಂದು ಸಲವಲ್ಲ, ಮೂರು ಸಲ ಓದಿ, ಕಿತಾಪತಿ ಏನೂ ಇಲ್ಲವೆಂದು ಖಾತರಿ ಮಾಡಿಕೊಂಡು, ಕೀಲಿಮಣೆಯಲ್ಲಿ ಒಂದೇ ಸಾಲು ಒತ್ತಿದಳು. ಓಡುತ್ತಿದ್ದ ಬಣ್ಣಗಳು ಇದ್ದಲ್ಲೇ ಸತ್ತವು. ಫ್ಯಾನು ಮಾತ್ರ ಸಣ್ಣಗೆ ತಿರುಗುತ್ತಿತ್ತು.

"ಆಯ್ತಾ?"

"ಆಯ್ತು ಸಾರ್."

ಗುಮಾಸ್ತರು ಕರಡನ್ನು ಹರಿದು ಬುಟ್ಟಿಗೆ ಹಾಕಿ, ಮುಂದಿನವರನ್ನು ಕರೆದರು.

ಬಂದವಳಿಗೆ ಐವತ್ತರ ಮೇಲಿರಬಹುದು. ತಾಯಿಯ ಹೆಸರು ಬರೆಸಬೇಕಿತ್ತು. ಆಸ್ಪತ್ರೆಯ ಚೀಟಿ ಮೇಜಿನ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತು ತಲೆಯೆತ್ತಿದಳು. ದೀಪವಾರಿದ ಪೆಟ್ಟಿಗೆಯ ಗಾಜು ಈಗ ಕಪ್ಪಗೆ ಕನ್ನಡಿಯಂತಾಗಿತ್ತು. ಅವಳು ಅದರಲ್ಲಿ ತನ್ನ ಮುಖ ನೋಡಿದಳು. ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳಲು ಹೋದ ಕೈ ನಡುವೆಯೇ ನಿಂತಿತು.

"ಹೆಸರು?" ಎಂದರು ಗುಮಾಸ್ತರು.

ಅವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ಒಂದ್ನಿಮಿಷ ತಾಳಿ ಸಾರ್," ಎಂದಳು ಮೆಲ್ಲಗೆ, "ಥೇಟ್ ಅಮ್ಮನೇ ಕೂತಿದಾಳೆ."