ಕೆಂಪು ಕಸೂತಿಯ ಮುಸುಕು

ಟಿವಿಯಲ್ಲಿ ಓಡುತ್ತಿದ್ದ ಹಳೇ ಮದುವೆ ಟೇಪು ಹಾಗೇ ಡಿಸ್ಕಿಗೂ ನಕಲಾಗುತ್ತಿತ್ತು. ಷೋಲ್ಪಾನಳ ಗಂಡನ ಮೊದಲ ಹೆಂಡತಿ, ತೀರಿಹೋದ ಬಾಯಾನ್, ಮದುಮಗಳಾಗಿ ಮುಸುಕಿನೊಳಗಿಂದಲೇ ಗಂಡನ ಕಡೆಯವರಿಗೆಲ್ಲ ಬಾಗಿ ವಂದಿಸುತ್ತಿದ್ದಳು. ಮುಸುಕಿನಂಚಿನ ಕೆಂಪು ಕಸೂತಿ ಕಂಡದ್ದೇ ಷೋಲ್ಪಾನಳಿಗೆ ಹೊಟ್ಟೆ ಉರಿದುಹೋಯಿತು. "ನಿನಗೇ ಅಂತ ಹೊಲಿಸಿದ್ದು ಕಣೇ" ಎಂದು ತನ್ನ ಮದುವೆಯಲ್ಲಿ ಅತ್ತೆ ಹೊದಿಸಿದ್ದೂ ಇದನ್ನೇ!

ಹಾಡುಗಾರ ಶಾಸ್ತ್ರದಂತೆ ತನ್ನ ದೊಂಬ್ರ ತಂತಿವಾದ್ಯದ ತುದಿಯಿಂದ ಮದುಮಗಳ ಮುಸುಕೆತ್ತಲು ಮುಂದೆ ಬಂದ. ಷೋಲ್ಪಾನ್ ಮಡಿಲಲ್ಲಿದ್ದ ರಿಮೋಟ್ ಒತ್ತಿ ಟೇಪು ನಿಲ್ಲಿಸಿಬಿಟ್ಟಳು. ಪರದೆ ನೀಲಿಯಾಯಿತು.

"ಅಯ್ಯೋ, ಮುಖಾನೇ ಬರ್ಲಿಲ್ಲ!" ಎಂದಳು ಬಾಯಾನಳ ಮಗಳು ಮೋಲ್ದೀರ್.

"ಟೇಪು ಅಲ್ಲಿಗೇ ಹಾಳಾಗಿದೆ ಕಣೇ."

ಹುಡುಗಿ ನೀಲಿ ಪರದೆಯನ್ನೇ ನೋಡುತ್ತ ಕೂತಳು. "ಹೋಗ್ಲಿ ಬಿಡಮ್ಮಾ. ನಾನು ಹುಟ್ಟಿದ ದಿನಾನೇ ಹೋದೋರು. ಅಮ್ಮ ಅಂದ್ರೆ ನಂಗೆ ಕಣ್ಮುಂದೆ ಬರೋದು ನಿನ್ನ ಮುಖಾನೇ."

ಷೋಲ್ಪಾನ್, ಹಾಡುಗಾರ ಮುಂದೆ ಬರುವ ಜಾಗಕ್ಕೆ, ಟೇಪನ್ನು ಹಿಂದಕ್ಕೆ ಸುತ್ತತೊಡಗಿದಳು.